ಹೆಂಗಸರ ಸೇವಾ ಸಂಘಕ್ಕೆ ಸೇರಬೇಕಾ, ಬೇಡ್ವಾ? ಮೈಸೂರು, ಮಂಡ್ಯ ಕಡೆಯವರು ಸ್ವಲ್ಪ ಹೇಳಿ

ಕುವೆಂಪುನಗರದ ಕ್ಯಾಷಿಯರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವವಳು, ಬರೆಯುವವಳಲ್ಲ. ಈ ಸಲ ಕೇಳದೆ ಇರಲು ಆಗಲಿಲ್ಲ.

ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿ ಹೋದ ಜೂನ್‌ನಲ್ಲಿ ನಿವೃತ್ತಳಾದೆ. ಮೊದಲ ಎರಡು ತಿಂಗಳು ಬೆಳಗ್ಗೆ ಕೂತು ಬಿಸಿ ಕಾಫಿ ಕುಡಿಯುವುದೇ ದೊಡ್ಡ ಸುಖವಾಗಿತ್ತು. ಮೂರನೇ ತಿಂಗಳಿಗೆ ಗೋಡೆ ಗಡಿಯಾರದ ಸದ್ದು ಕೇಳಿಸತೊಡಗಿತು. ಆಗಲೇ ಎದುರು ಮನೆಯವರು, "ನಮ್ಮ ಸಂಘಕ್ಕೆ ಬನ್ನಿ ಮೇಡಂ, ಲೆಕ್ಕ ಬರೆಯೋರು ಒಬ್ಬರು ಬೇಕು" ಅಂದರು. ಹೆಂಗಸರದೇ ಸೇವಾ ಸಂಘ. ಸುಮಾರು 40 ಸದಸ್ಯರು. ವರ್ಷಕ್ಕೆ 2,500 ರೂಪಾಯಿ ಚಂದಾ.

ನೋಡೋಣ ಅಂತ ಒಂದು ಸಭೆಗೆ ಹೋದೆ. ನಾಲ್ಕಕ್ಕೆ ಅಂದಿದ್ದು, ಶುರುವಾಗಿದ್ದು ನಾಲ್ಕೂ ಮುಕ್ಕಾಲಿಗೆ. ಪ್ರಾರ್ಥನೆ, ಸ್ವಾಗತ, ಹಳೇ ಅಧ್ಯಕ್ಷರಿಗೆ ಶಾಲು, ಹೊಸ ಅಧ್ಯಕ್ಷರಿಗೆ ಶಾಲು, ಅತಿಥಿಗೆ ಶಾಲು, ಅತಿಥಿಯನ್ನು ಕರೆತಂದವರಿಗೂ ಶಾಲು. ಕ್ಯಾಷಿಯರ್ ಬುದ್ಧಿ ನೋಡಿ, ಎಣಿಸದೆ ಇರಲು ಬರುವುದಿಲ್ಲ. ಒಟ್ಟು ಒಂಬತ್ತು. ಕೊನೆಗೆ ವಯಸ್ಸಾದವರೊಬ್ಬರಿಗೆ ಗಾಲಿಕುರ್ಚಿ ಕೊಟ್ಟರು. ಆ ಕುರ್ಚಿ ಹಿಡಿದು ಫೋಟೋಗೆ ನಿಂತವರು 13 ಜನ. ಕುರ್ಚಿಯಲ್ಲಿ ಕೂತವರ ಮುಖ ಫೋಟೋದಲ್ಲಿ ಬಂತೋ ಇಲ್ಲವೋ ಗೊತ್ತಿಲ್ಲ.

ಮನೆಗೆ ಬಂದು ಹೇಳಿದರೆ ಸೊಸೆ ನಕ್ಕುಬಿಟ್ಟಳು. "ಅತ್ತೆ, ಅದು ರೇಷ್ಮೆ ಸೀರೆ ಸಂಘ. ಆ ದುಡ್ಡು ನೇರವಾಗಿ ಯಾವುದಾದರೂ ಸರ್ಕಾರಿ ಶಾಲೆಗೆ ಕೊಟ್ಟುಬಿಡಿ" ಅಂದಳು. ಅವಳ ಮಾತೂ ತಪ್ಪಲ್ಲ ಅಲ್ವಾ?

ಆದರೆ ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಸಭೆ ಮುಗಿದು ಚಪ್ಪಲಿ ಹುಡುಕುವಾಗ, ಎಪ್ಪತ್ತು ದಾಟಿದ ಸದಸ್ಯೆಯೊಬ್ಬರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು. "ಚೆಲುವಾಂಬ ಆಸ್ಪತ್ರೆಯಲ್ಲಿ ಆ ಹುಡುಗಿ ಜೊತೆ ಇವತ್ತು ರಾತ್ರಿ ಯಾರಿರ್ತಾರೆ? ನಿನ್ನೆ ನಾನಿದ್ದೆ. ಇವತ್ತು ನೀನು ಹೋಗು. ಫ್ಲಾಸ್ಕ್ ನಮ್ಮನೆಯಿಂದ ಇಸ್ಕೊಂಡು ಹೋಗು." ಅಷ್ಟೇ. ಹೆರಿಗೆಗೆ ಬಂದು ಹತ್ತಿರದವರು ಯಾರೂ ಇಲ್ಲದ ಹುಡುಗಿ ಇರಬೇಕು. ಒಂದೂವರೆ ಗಂಟೆ ಮೈಕಿನಲ್ಲಿ ಮಾತಾಡಿದರಲ್ಲ, ಅದರಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಇಂಥ ಸಂಘಗಳಲ್ಲಿ ಇದ್ದವರು ನಿಜ ಹೇಳಿ. ಅಲ್ಲಿ ಶಾಲು ಎಷ್ಟು, ಫ್ಲಾಸ್ಕ್ ಎಷ್ಟು?

ಮಂಡ್ಯದ ಸೈನ್ಸ್ ಮಿಸ್ಸು:

ತಂಗಿ ಅಂತಲೇ ಕರೀತೀನಿ, ನನಗೆ 66. ಮಂಡ್ಯದ ಕಡೆ ಹೈಸ್ಕೂಲಿನಲ್ಲಿ ಸೈನ್ಸ್ ಹೇಳಿಕೊಟ್ಟವಳು. ಇಂಥದ್ದೇ ಒಂದು ಸಂಘದಲ್ಲಿ 22 ವರ್ಷದಿಂದ ಇದ್ದೇನೆ, ಎರಡು ಸಲ ಕಾರ್ಯದರ್ಶಿ. ನನ್ನ ಬೀರುವಿನಲ್ಲೂ 17 ಶಾಲುಗಳಿವೆ. ಒಂದನ್ನು ಇಸ್ತ್ರಿ ಮಾಡುವ ಮೇಜಿಗೆ ಹಾಸಿದ್ದೇನೆ. ಆದ್ದರಿಂದ ನಾನು ಸಾಚಾ ಅಂತ ಹೇಳಿಕೊಳ್ಳುವುದಿಲ್ಲ.

ಮೊದಲು ನಮ್ಮ ಒಂದು ಪೆದ್ದುತನ ಹೇಳುತ್ತೇನೆ. ಹಳ್ಳಿ ಕಡೆಯ ಒಂದು ಹೈಸ್ಕೂಲಿಗೆ ಪ್ಯಾಡ್ ಸುಡುವ ಯಂತ್ರ ಕೊಟ್ಟೆವು. 27,000 ರೂಪಾಯಿ. ಮನೆ ಮನೆ ತಿರುಗಿ, ಚೀಟಿ ಹರಿದು ಕೂಡಿಸಿದ ದುಡ್ಡು. ಟೇಪು ಕತ್ತರಿಸಿದೆವು, ಕೇಸರಿಬಾತ್ ತಿಂದೆವು, ಬಂದೆವು. ಆರು ತಿಂಗಳ ಮೇಲೆ ನಾನು ಬೇರೆ ಏನೋ ಕೆಲಸಕ್ಕೆ ಆ ಶಾಲೆಗೆ ಹೋದಾಗ ನೋಡುತ್ತೇನೆ, ಯಂತ್ರದ ಮೇಲೆ ಸೀಮೆಸುಣ್ಣದ ಡಬ್ಬಗಳು. ಅದಕ್ಕೆ ದೊಡ್ಡ ಪ್ಲಗ್ ಬೇಕಿತ್ತು. ಶೌಚಾಲಯದಲ್ಲಿ ಇದ್ದದ್ದು ಒಂದು ಬಲ್ಬಿನ ಪಾಯಿಂಟು. ಕೊಡುವ ಮುಂಚೆ ನಾವು ಒಬ್ಬರಾದರೂ ಒಳಗೆ ಹೋಗಿ ನೋಡಿರಲಿಲ್ಲ. ಸೈನ್ಸ್ ಹೇಳಿಕೊಟ್ಟ ನಾನೂ ನೋಡಿರಲಿಲ್ಲ!

ಅಂದು ನಾಚಿಕೆಯಾಗಿ ಒಂಬತ್ತನೇ ಕ್ಲಾಸಿನ ಹುಡುಗಿಯರನ್ನು ಮರದ ಕೆಳಗೆ ಕೂರಿಸಿಕೊಂಡು, ನಿಮಗೆ ಏನು ಬೇಕಿತ್ತು ಹೇಳ್ರಮ್ಮ ಅಂದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬಳು ಮೆಲ್ಲಗೆ, "ಮಿಸ್, ಬಾಗಿಲಿಗೆ ಚಿಲಕ ಇಲ್ಲ" ಅಂದಳು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಗೆಳತಿ ರಜಾ ಹಾಕಿದ ದಿನ ಇವಳೂ ನೀರು ಕುಡಿಯುವುದಿಲ್ಲ. ಮೂರು ಚಿಲಕ, ಸ್ಕ್ರೂ ಸೇರಿ 240 ರೂಪಾಯಿ ಆಯಿತು. ಬಡಗಿ ಕೂಲಿ ಬೇಡ ಅಂದ, ಅವನ ಮಗಳು ಅದೇ ಶಾಲೆ.

ಅಲ್ಲಿಂದ ನಾವು ಐದಾರು ಜನ ಒಂದು ಅಭ್ಯಾಸ ಮಾಡಿಕೊಂಡೆವು. ತಿಂಗಳಿಗೊಂದು ಸಲ ಅದೇ ಶಾಲೆಗೆ ಹೋಗುವುದು. ಕೈಯಲ್ಲಿ ಏನೂ ಇರಬಾರದು, ಸುಮ್ನೆ ಹೋಗಿ ಕೂರುವುದು. ಏನಾದರೂ ಕೊಡಲು ಹೋದರೆ ಹುಡುಗಿಯರು ಸಾಲಾಗಿ ನಿಂತು ಥ್ಯಾಂಕ್ಸ್ ಹೇಳುತ್ತಾರೆ. ಬರಿಗೈಯಲ್ಲಿ ಹೋದರೆ ಮಾತಾಡುತ್ತಾರೆ.

ಹಾಗೆ ಕೂತಾಗಲೇ ನೀಲಿ ಮಾತ್ರೆ ವಿಷಯ ಗೊತ್ತಾಗಿದ್ದು. ಸರ್ಕಾರ ಹೈಸ್ಕೂಲು ಮಕ್ಕಳಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತದೆ, ವರ್ಷಕ್ಕೆ ಎರಡು ಸಲ ಜಂತುಹುಳುವಿನ ಮಾತ್ರೆ. ಪುಸ್ತಕದಲ್ಲಿ ಎಲ್ಲರೂ ನುಂಗಿದ್ದಾರೆ. ನಿಜದಲ್ಲಿ ಅರ್ಧದಷ್ಟು ಮಾತ್ರೆ ನಾಲೆಗೆ ಹೋಗುತ್ತಿತ್ತು. ಯಾಕೆ ಅಂದರೆ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ. ಕಪ್ಪು ನೋಡಿ ಏನೋ ಆಗಿಹೋಯಿತು ಅಂತ ಹೆದರಿಬಿಟ್ಟಿದ್ದರು. ಅದು ಕಬ್ಬಿಣದ್ದೇ ಬಣ್ಣ, ತೊಂದರೆ ಇಲ್ಲ ಅಂತ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮಧ್ಯಾಹ್ನದ ಬಿಸಿಯೂಟ ಆದ ಮೇಲೆ ನುಂಗಿ, ಮನೆಗೆ ಹೋದ ತಕ್ಷಣ ಕಾಫಿ ಟೀ ಕುಡಿಯಬೇಡಿ ಅಂದೆವು. ಕಾಫಿ, ಟೀ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆಹುಳಿ ಹತ್ತಿಸುತ್ತದೆ. ನಮ್ಮ ಕಡೆ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ದಿನಾ ಇದೆ. ಪಲ್ಯಕ್ಕೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ ಅನ್ನುವುದಕ್ಕೆ ಯಾವ ಅತಿಥಿಯೂ ಬೇಕಿಲ್ಲ.

ನಗು ಬರುವ ಸಂಗತಿ ಈಗ ಕೇಳು. ಅದೇ ವರ್ಷ ನಮ್ಮ ಸಂಘದಿಂದ ರಕ್ತದಾನ ಶಿಬಿರ. ರಕ್ತ ಕೊಡಲು ಹಿಮೋಗ್ಲೋಬಿನ್ 12.5 ಇರಬೇಕು. ನಮ್ಮ ಸದಸ್ಯೆಯರು 19 ಜನ ಸೆರಗು ಸಿಕ್ಕಿಸಿಕೊಂಡು ನಿಂತೆವು. ಪಾಸಾದವರು ಏಳು ಜನ. ಊರಿನ ಹುಡುಗಿಯರಿಗೆ ರಕ್ತಹೀನತೆ ಪಾಠ ಹೇಳುತ್ತಿದ್ದ ನನ್ನದು 10.4! ದಿನಕ್ಕೆ ಐದು ಲೋಟ ಕಾಫಿ ಕುಡಿಯುತ್ತಿದ್ದೆ ಕಣಮ್ಮ. ಎರಡಕ್ಕೆ ಇಳಿಸಿದೆ, ಊಟದ ಹಿಂದೆ ಮುಂದೆ ಕುಡಿಯುವುದಿಲ್ಲ, ಡಾಕ್ಟರು ಹೇಳಿದ ಮಾತ್ರೆ ತಗೊಂಡೆ. ಹಾಗೆ ನೋಡಿದರೆ ಆ ಸಂಘದಿಂದ ಮೊದಲು ಉದ್ಧಾರವಾಗಿದ್ದು ನಾವೇ.

ನಿನ್ನ ಲೆಕ್ಕಕ್ಕೆ ಉತ್ತರ: ನಲವತ್ತು ಜನರಲ್ಲಿ ಫ್ಲಾಸ್ಕಿನವರು ಆರೋ ಏಳೋ. ಉಳಿದವರು ಚಂದಾ ಕೊಡುತ್ತಾರೆ, ಫೋಟೋಗೆ ಬರುತ್ತಾರೆ. ಅವರ ಚಂದಾದಲ್ಲೇ ನಮ್ಮ ಆಟೋ ಖರ್ಚು ನಡೆಯುತ್ತದೆ. ಅವರನ್ನು ಬೈಯಬೇಡ.

ಬೋಗಾದಿ ಹುಡುಗಿ:

ಮಿಸ್ ಬರೆದಿದ್ದು ಇಷ್ಟವಾಯಿತು. ಆದರೂ ಬೇರೆ ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ.

ಹೆಂಗಸರಿಗೆ ಬೇರೆ ಸಂಘ ಯಾಕೆ ಬೇಕಾಯಿತು ಅಂತ ನೋಡಿ. ಇನ್ನರ್ ವ್ಹೀಲ್ ಅನ್ನುವ ಹೆಂಗಸರ ಸೇವಾ ಸಂಘ ಶುರುವಾಗಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಮೊದಲನೇ ಮಹಾಯುದ್ಧದ ಕಾಲದಲ್ಲಿ ರೋಟರಿ ಸೇವಾ ಕ್ಲಬ್ಬಿನವರ ಹೆಂಡತಿಯರು ಗಂಡಂದಿರ ಜೊತೆ ಸೇವೆಗೆ ಇಳಿದಿದ್ದರು. ಯುದ್ಧ ಮುಗಿಯಿತು, ಇವರಿಗೆ ಕೆಲಸ ಬಿಡುವ ಮನಸ್ಸಿರಲಿಲ್ಲ. ರೋಟರಿಯಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ. 1923ರ ನವೆಂಬರ್‌ನಲ್ಲಿ 27 ಹೆಂಗಸರು ಒಂದು ಟರ್ಕಿಶ್ ಸ್ನಾನಗೃಹದ ಕೋಣೆಯಲ್ಲಿ ಸೇರಿದರು. 1924ರ ಜನವರಿ 10ಕ್ಕೆ ಸಂಘ ಆಯಿತು. ಮುಂದೆ ನಿಂತವರು ಮಾರ್ಗರೆಟ್ ಗೋಲ್ಡಿಂಗ್, ನರ್ಸ್ ತರಬೇತಿ ಪಡೆದು ಸ್ವಂತ ವ್ಯಾಪಾರ ನಡೆಸಿದವರು. ಅಂಥವರೂ ಸ್ನಾನದ ಮನೆಯಲ್ಲಿ ಸಭೆ ಸೇರಬೇಕಾಯಿತು. ಅಂಥದ್ದೇ ಲಯನ್ಸ್ ಕ್ಲಬ್ಬಿನವರು ಹೆಂಗಸರಿಗೆ ಬಾಗಿಲು ತೆಗೆದದ್ದು 1987ರಲ್ಲಿ, ರೋಟರಿಯವರು 1989ರಲ್ಲಿ. ಈಗ ಬಾಗಿಲು ತೆರೆದಿದೆ. ಇನ್ನೂ ಬೇರೆ ಚಾಪೆ ಯಾಕೆ?

ಇನ್ನೊಂದು. ಮನೆಯಲ್ಲೂ ಬಿಟ್ಟಿ ಕೆಲಸ, ಊರಲ್ಲೂ ಬಿಟ್ಟಿ ಕೆಲಸ. ಅಂಗನವಾಡಿಯವರಿಗೆ, ಆಶಾ ಕಾರ್ಯಕರ್ತೆಯರಿಗೆ ಇವತ್ತಿಗೂ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಅವರು ಬೀದಿಗಿಳಿದು ಸಂಬಳ ಕೇಳುವಾಗ, ಪಿಂಚಣಿ ಬರುವ ಅಮ್ಮಂದಿರು "ನಾವು ಬಿಟ್ಟಿ ಮಾಡಲ್ವಾ?" ಅಂದರೆ ಅವರ ಹೊಟ್ಟೆ ಮೇಲೆ ಹೊಡೆದಂತೆ. ನಮ್ಮ ಬೀದಿಯಲ್ಲೇ ಈ ಮಾತು ಕೇಳಿದ್ದೇನೆ.

ಮಂಡ್ಯದ ಸೈನ್ಸ್ ಮಿಸ್ಸು:

ಕೋಪ ಯಾಕೆ ಮಗಳೇ. ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನೀನು ಹೇಳಿದ್ದೇ ಸರಿ. ನಮ್ಮ ರಾಜ್ಯದಲ್ಲಿ ಅಂಗನವಾಡಿ ಮೊದಲು ಶುರುವಾಗಿದ್ದು 1975ರಲ್ಲಿ ನಿಮ್ಮ ಜಿಲ್ಲೆಯ ಟಿ. ನರಸೀಪುರದಲ್ಲೇ. ಐವತ್ತು ವರ್ಷ ಆಯಿತು, ಇನ್ನೂ ಗೌರವಧನ. ಅವರು ಧರಣಿ ಕೂತಾಗ ನಾವು ಮಜ್ಜಿಗೆ ತಗೊಂಡು ಹೋಗಿದ್ದೆವು. ಸಂಘದಲ್ಲಿ ನಾಲ್ಕು ಜನ ಮುನಿಸಿಕೊಂಡರು, ಸಂಘಕ್ಕೆ ರಾಜಕೀಯ ಬೇಡ ಅಂತ. ಮಜ್ಜಿಗೆಯಲ್ಲಿ ಯಾವ ರಾಜಕೀಯ? ಉಪ್ಪು, ಇಂಗು ಇತ್ತು ಅಷ್ಟೇ.

ಮೊದಲನೆಯದಕ್ಕೆ ಮಾತ್ರ ಒಂದು ಮಾತು. ಗಂಡಸರೂ ಇರುವ ಸಭೆಯಲ್ಲಿ ನಮ್ಮ ಹೆಂಗಸರು ಎಷ್ಟು ಜನ ಎದ್ದು ನಿಂತು ಮಾತಾಡುತ್ತಾರೆ? ನಮ್ಮಲ್ಲಿ ಒಬ್ಬಳು ಇದ್ದಳು, ಮದ್ದೂರು ಕಡೆಯಿಂದ ಮದುವೆಯಾಗಿ ಬಂದವಳು, ಎಸ್‌ಎಸ್‌ಎಲ್‌ಸಿ ಓದಿದ್ದಳು. ಮೊದಲ ವರ್ಷ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಮೂಲೆಯಲ್ಲಿ ಕೂರುತ್ತಿದ್ದಳು. ಎರಡನೇ ವರ್ಷ ಖರ್ಚಿನ ಚೀಟಿ ಓದಿದಳು, ಕೈ ನಡುಗುತ್ತಿತ್ತು. ನಾಲ್ಕನೇ ವರ್ಷ ನನ್ನ ಲೆಕ್ಕದಲ್ಲೇ 300 ರೂಪಾಯಿ ತಪ್ಪು ಹಿಡಿದಳು. ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಅಂತ ಆಯಿತಲ್ಲ, ಅವಳೂ ನಿಂತಳು, ಗೆದ್ದಳು. ಗಂಡ ಬಂದು ಅವಳ ಕುರ್ಚಿಯಲ್ಲಿ ಕೂರಲು ನೋಡಿದಾಗ, "ನೀವು ಆಚೆ ಬೆಂಚಿನ ಮೇಲೆ ಕೂತಿರಿ" ಅಂದಳಂತೆ. ನಮ್ಮ ಸಂಘದ ವಾರ್ಷಿಕ ವರದಿಯಲ್ಲಿ ಈ ಬೆಂಚಿನ ವಿಷಯ ಇಲ್ಲ. ಗಾಲಿಕುರ್ಚಿ ಎಷ್ಟು ಅಂತ ಇದೆ.

ಲೆಕ್ಕದ ಪುಸ್ತಕ:

ಪ್ರಶ್ನೆ ಕೇಳಿದ ಮೇಡಂಗೆ ಕೆಲಸದ ಮಾತು. ಖಜಾಂಚಿ ಆಗಲು ಒಪ್ಪುವ ಮುಂಚೆ ಸಂಘ ನೋಂದಣಿ ಆಗಿದೆಯಾ ನೋಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಇದ್ದರೆ ಸಂಘ ನೋಂದಾಯಿಸಬಹುದು. ಆದರೆ ವರ್ಷಾವರ್ಷ ಮಹಾಸಭೆ ಮಾಡಿ, ಲೆಕ್ಕಪತ್ರ ಮತ್ತು ಆಡಳಿತ ಮಂಡಳಿಯ ಪಟ್ಟಿ ರಿಜಿಸ್ಟ್ರಾರ್ ಕಚೇರಿಗೆ ಸಲ್ಲಿಸಬೇಕು. ಬಹಳ ಸಂಘಗಳು ಎಡವುವುದು ಇಲ್ಲೇ. ಹೋದ ಮೂರು ವರ್ಷದ ಆಡಿಟ್ ವರದಿ ಕೇಳಿ. ಕೊಡಲು ತಡಬಡಾಯಿಸಿದರೆ ನಿಮ್ಮ ಸೊಸೆ ಹೇಳಿದ್ದು ಸರಿ.

ತೆರಿಗೆ ವಿನಾಯಿತಿ (80ಜಿ) ಇದೆ ಅಂತ ದೇಣಿಗೆ ಕೇಳುತ್ತಿದ್ದರೆ ಇನ್ನೂ ಹುಷಾರು. 2,000 ರೂಪಾಯಿ ಮೀರಿದ್ದು ನಗದಾಗಿ ಕೊಟ್ಟರೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಅದು ಇಲ್ಲವೇ ಇಲ್ಲ. ಆಮೇಲೆ ಜನ ಬಂದು ಖಜಾಂಚಿಯನ್ನೇ ಹಿಡಿಯುತ್ತಾರೆ.

ಒಂಬತ್ತು ಶಾಲಿನ ಖರ್ಚು ಯಾವ ತಲೆಬರಹದಲ್ಲಿ ಬರೆದಿದ್ದಾರೆ ಅಂತಲೂ ನೋಡಿ. ನಾನು ಆಡಿಟ್ ಮಾಡಿದ ಒಂದು ಕಡೆ "ಸಮಾಜ ಸೇವೆ" ಅಂತ ಇತ್ತು.

ಕುಚ್ಚು ಕಟ್ಟುವವಳು:

ನಾನು ಮಂಡಿ ಮೊಹಲ್ಲಾದವಳು. ನೀವೆಲ್ಲ ಕೊಡುವವರ ಕಡೆಯಿಂದ ಮಾತಾಡುತ್ತಿದ್ದೀರಿ. ನಾನು ಇಸ್ಕೊಂಡವಳು.

ನಮ್ಮ ಮನೆಯವರು ಹೋದ ಮೇಲೆ ಒಂದು ಸಂಘದವರು ನನಗೆ ಹೊಲಿಗೆ ಯಂತ್ರ ಕೊಟ್ಟರು. ಹತ್ತು ಗಂಟೆಗೆ ಬಾ ಅಂದರು. ಮಧ್ಯಾಹ್ನ ಒಂದೂವರೆ ತನಕ ವೇದಿಕೆ ಪಕ್ಕ ನಿಲ್ಲಿಸಿದರು. ಮೈಕಿನಲ್ಲಿ "ವಿಧವೆ, ಬಡವಿ" ಅಂದರು, ಮಗಳು ಪಕ್ಕದಲ್ಲೇ ಇದ್ದಳು. ಆ ದಿನದ ಕೂಲಿಯೂ ಹೋಯಿತು. ಯಂತ್ರ ಮನೆಗೆ ತಂದೆ, ಹೊಲಿಯಲು ಗಿರಾಕಿ ಇಲ್ಲ. ನಮ್ಮ ಬೀದಿಯಲ್ಲೇ ಟೈಲರು ನಾಲ್ಕು ಜನ ಇದ್ದಾರೆ. ಎರಡು ತಿಂಗಳು ಅದರ ಮೇಲೆ ಮಗಳು ಪುಸ್ತಕ ಇಟ್ಟುಕೊಂಡು ಓದಿದಳು. ಮಾರಿಬಿಡೋಣ ಅನ್ನಿಸಿತ್ತು.

ಆಮೇಲೆ ಅದೇ ಸಂಘದ ಒಬ್ಬ ಆಂಟಿ ಯಾರಿಗೂ ಹೇಳದೆ ಮನೆಗೆ ಬಂದರು. ಯಂತ್ರ ನೋಡಿದರು, ಏನೂ ಕೇಳಲಿಲ್ಲ. ಮಾರನೇ ದಿನ ಅವರದೇ ಮೂರು ಸೀರೆ ತಂದರು, ಫಾಲ್ಸ್ ಮತ್ತು ಪಿಕೋ ಮಾಡು ಅಂತ. ಪಿಕೋ ಅಂಗಡಿಯಲ್ಲಿ ಮಾಡಿಸಿ ಫಾಲ್ಸ್ ನಾನೇ ಹಾಕಿದೆ. ಒಂದು ಸೀರೆಗೆ ವಕ್ರ ಆಗಿತ್ತು. ಬಿಚ್ಚಿಸಿ ಮತ್ತೆ ಹಾಕಿಸಿದರು, ಪರವಾಗಿಲ್ಲ ಅನ್ನಲಿಲ್ಲ. ಪಾಪ ಅಂತ ಬಿಟ್ಟಿದ್ದರೆ ನಾನು ಕಲಿಯುತ್ತಿರಲಿಲ್ಲ. ಕುಚ್ಚು ಕಟ್ಟುವುದು ಅವರ ಅಕ್ಕನಿಂದ ಕಲಿತೆ. ನೀವು ನಗುತ್ತಿದ್ದೀರಲ್ಲ, ರೇಷ್ಮೆ ಸೀರೆ ಸಂಘ ಅಂತ? ನನಗೆ ಯಂತ್ರ ಕೊಟ್ಟ ಆ ಸಂಘದವರ ರೇಷ್ಮೆ ಸೀರೆಗೆ ಕುಚ್ಚು ಕಟ್ಟುವವಳು ಈಗ ನಾನೇ. ದಸರಾ ಮುಂಚೆ, ಶ್ರಾವಣದಲ್ಲಿ ರಾತ್ರಿ ಹನ್ನೊಂದರ ತನಕ ಕೆಲಸ ಇರುತ್ತದೆ.

ಕೊಡಿ, ಬೇಡ ಅನ್ನುವುದಿಲ್ಲ. ವೇದಿಕೆ ಹತ್ತಿಸಬೇಡಿ. ಹತ್ತಿಸಲೇಬೇಕು ಅಂದರೆ ಆ ದಿನದ ಕೂಲಿ ಕೊಡಿ.

ಬೋಗಾದಿ ಹುಡುಗಿ:

ಅಕ್ಕ, ನನ್ನ ಅಮ್ಮನ ಎರಡು ಸೀರೆ ಇವೆ. ಮೆಸೇಜ್ ಮಾಡುತ್ತೇನೆ.

ಕುವೆಂಪುನಗರದ ಕ್ಯಾಷಿಯರ್ (ಮೂರು ತಿಂಗಳ ಮೇಲೆ):

ಉತ್ತರ ಬರೆದವರಿಗೆಲ್ಲ ಏನಾಯಿತು ಅಂತ ಹೇಳಬೇಕಲ್ಲ.

ಆಡಿಟ್ ವರದಿ ಕೇಳಿದೆ. ಎರಡು ವರ್ಷದ್ದು ಸಿಕ್ಕಿತು, ಮೂರನೆಯದು ಹಿಂದಿನ ಖಜಾಂಚಿಯವರ ಅಟ್ಟದ ಮೇಲಿತ್ತು. ಇಳಿಸಿಸಿದೆ. ಶಾಲು "ಸಮಾರಂಭ ವೆಚ್ಚ" ಅಂತಲೇ ಇತ್ತು, ಸಮಾಧಾನ ಆಯಿತು. ಸೇರಿದೆ. ಕಾರ್ಯಕ್ರಮದಲ್ಲಿ ನೆರವು ಪಡೆಯುವವರ ಹೆಸರು, ಕಷ್ಟ ಮೈಕಿನಲ್ಲಿ ಹೇಳಬಾರದು ಅಂತ ಮೊದಲ ಸಭೆಯಲ್ಲೇ ಹೇಳಿದೆ. ಮಂಡಿ ಮೊಹಲ್ಲಾದ ತಂಗಿ ಬರೆದಿದ್ದನ್ನು ಓದಿ ತೋರಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಇಬ್ಬರು, "ಹಾಗಾದರೆ ದಾನಿಗಳಿಗೆ ಏನು ತೋರಿಸೋದು?" ಅಂದರು. ಆ ಚರ್ಚೆ ಇನ್ನೂ ಮುಗಿದಿಲ್ಲ.

ನನ್ನ ಕೆಲಸ ನಾನೇ ಹುಡುಕಿಕೊಂಡೆ. ಗೃಹಲಕ್ಷ್ಮಿ ಯೋಜನೆ ಶುರುವಾಗಿದ್ದು 2023ರ ಆಗಸ್ಟ್ 30ಕ್ಕೆ, ಇಲ್ಲೇ ಮಹಾರಾಜ ಕಾಲೇಜು ಮೈದಾನದಲ್ಲಿ. ಅದಾದ ಮೇಲೆ ನಮ್ಮ ಕೌಂಟರ್ ಮುಂದೆ ಸಾಲು ನಿಂತ ಹೆಂಗಸರನ್ನು ನಾನು ಮರೆತಿಲ್ಲ. "ಎಲ್ಲರಿಗೂ 2,000 ಬಂತು, ನಂಗೆ ಮಾತ್ರ ಬಂದಿಲ್ಲ ಮೇಡಂ." ಸಾಲು ಅಷ್ಟುದ್ದ ಇರುವಾಗ ಒಬ್ಬೊಬ್ಬರಿಗೆ ಎರಡು ನಿಮಿಷ ಕೊಡಲೂ ಆಗುತ್ತಿರಲಿಲ್ಲ. ಮುಂದಿನವರು ಬನ್ನಿ ಅನ್ನುತ್ತಿದ್ದೆ. ಈಗ ಸಮಯ ಇದೆ. ಶನಿವಾರ ಬೆಳಗ್ಗೆ ಹತ್ತರಿಂದ ಹನ್ನೆರಡೂವರೆ, ಸಂಘದ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂರುತ್ತೇನೆ.

ಮುಕ್ಕಾಲು ಪಾಲು ಒಂದೇ ತೊಂದರೆ. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇರುತ್ತದೆ. ಸರ್ಕಾರದ ದುಡ್ಡು ಹೋಗುವುದು ಆಧಾರ್ ಕೊನೆಯ ಸಲ ಯಾವ ಖಾತೆಗೆ ಜೋಡಣೆ ಆಯಿತೋ ಅಲ್ಲಿಗೆ. ಇವರು ನೋಡುತ್ತಿರುವುದು ಇನ್ನೊಂದು ಪಾಸ್‌ಬುಕ್. ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ಆಧಾರ್ ವೆಬ್‌ಸೈಟಿನಲ್ಲೇ ಕಾಣುತ್ತದೆ, ಆದರೆ ಓಟಿಪಿ ಬರಬೇಕು. ಓಟಿಪಿ ಹೋಗುವುದು ಮಗನ ಹಳೇ ನಂಬರಿಗೆ, ಮಗ ಆ ಸಿಮ್ ಬಿಸಾಕಿ ವರ್ಷ ಆಗಿರುತ್ತದೆ. ಮೊದಲು ನಂಬರ್ ಬದಲಾಯಿಸಲು ಕಳಿಸಬೇಕು. ಹೋದ ತಿಂಗಳು ಒಬ್ಬ ಅಜ್ಜಿಯ ಯಾವತ್ತೋ ಮರೆತ ಖಾತೆಯಲ್ಲಿ 22,000 ಸಿಕ್ಕಿತು. ಅಜ್ಜಿ ಪಾಸ್‌ಬುಕ್ಕನ್ನು ಕಣ್ಣಿಗೆ ಒತ್ತಿಕೊಂಡಿತು. "ಮಗನಿಗೆ ಹೇಳಬ್ಯಾಡ ಕಣವ್ವ" ಅಂತ ಮೂರು ಸಲ ಹೇಳಿ ಹೋಯಿತು.

ಸೊಸೆ ಈಗ ನಗುವುದಿಲ್ಲ. ಹೋದ ಶನಿವಾರ ಅವಳ ಹಳೇ ಲ್ಯಾಪ್‌ಟಾಪ್ ಕೊಟ್ಟಳು, "ವಾಪಸ್ ಬೇಡ ಅತ್ತೆ" ಅಂದಳು. ಬ್ಯಾಟರಿ ನಿಲ್ಲುವುದಿಲ್ಲ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಈಗ ಒಂದು ಸಹಾಯ ಬೇಕು. ಊದುಬತ್ತಿ ಹೊಸೆಯುವ ಇಬ್ಬರು ಬಂದಿದ್ದಾರೆ. ಇಪ್ಪತ್ತು ವರ್ಷ ಹೊಸೆದು ಬೆರಳಿನ ಗೆರೆಯೇ ಸವೆದಿದೆ, ಯಂತ್ರ ಬೆರಳಚ್ಚು ತಗೊಳ್ಳುತ್ತಿಲ್ಲ. ಮೂರು ಸಲ ಓಡಾಡಿ ಬಂದರು. ಯಾರಿಗಾದರೂ ಇದರ ಅನುಭವ ಇದೆಯಾ?

ಕುಚ್ಚು ಕಟ್ಟುವವಳು:

ಅಮ್ಮ, ನಮ್ಮತ್ತೆಗೂ ಹೀಗೇ ಆಗಿತ್ತು, ಅವರೂ ಊದುಬತ್ತಿ ಕೆಲಸವೇ. ನಾಲ್ಕು ದಿನ ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಲಿ. ಹೋಗುವ ದಿನ ಚೆನ್ನಾಗಿ ತೊಳೆದು ಒರೆಸಿಕೊಳ್ಳಲಿ. ಹೆಬ್ಬೆಟ್ಟು ಮಾತ್ರ ಇಡಿಸಿ ಆಗಲ್ಲ ಅಂತ ಕಳಿಸಿಬಿಡುತ್ತಾರೆ, ಹತ್ತೂ ಬೆರಳು ಇಟ್ಟು ನೋಡಿ ಅನ್ನಿ. ನಮ್ಮತ್ತೆಗೆ ಎಡಗೈ ಉಂಗುರದ ಬೆರಳು ಬಂತು. ಅದೂ ಆಗದಿದ್ದರೆ ಕಣ್ಣು ಹಿಡಿಯುವ ಯಂತ್ರ ಇದೆಯಾ ಕೇಳಿ. ಶನಿವಾರ ನಾನೂ ಬರುತ್ತೇನೆ, ಹನ್ನೊಂದರ ಮೇಲೆ. ಮಗಳನ್ನು ಸ್ಕೂಲಿನಿಂದ ಕರೆತಂದು ಬರಬೇಕು.